ಬೆಳ್ಳಿ ತೊಟ್ಟಿಲು ಒಪ್ಪಿಸ್ಲಿಕ್ಕೆ ಹೋಗ್ತೇನೆ

ಇವರೇ,

ನಾನು ಮೊದಲ ಬಸ್ಸಿಗೆ ಧರ್ಮಸ್ಥಳಕ್ಕೆ ಹೊರಟೆ. ಹೆದರ್ಬೇಡಿ, ಸಿಟ್ಟೂ ಮಾಡ್ಬೇಡಿ ಮಾರಾಯ್ರೇ. ಹೆಂಚಿನ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದವರು ಮೊದಲು ಮೀಯಿರಿ, ನೀರು ಕಾಯಿಸಿ ಇಟ್ಟಿದ್ದೇನೆ. ದನಕ್ಕೆ ಹುಲ್ಲು ಹಾಕಿ ಆಗಿದೆ.

ಮಗು ಆದ ಮೇಲೆ ಒಪ್ಪಿಸುವ ಅಂತ ಹರಕೆ ಹೇಳಿ ತಂದಿಟ್ಟ ಬೆಳ್ಳಿ ತೊಟ್ಟಿಲು ಉಂಟಲ್ಲ, ಅದನ್ನು ತೆಗೊಂಡು ಹೋಗ್ತೇನೆ. ಮಗು ಆಗದೆ ಯಾರಾದ್ರೂ ಒಪ್ಪಿಸ್ತಾರಾ ಅಂತ ಕೇಳ್ತೀರಿ, ಗೊತ್ತುಂಟು. ಎಂಟು ವರ್ಷ ಅದನ್ನು ಉಜ್ಜಿದಾಗೆಲ್ಲ ಅಳ್ತಿದ್ದೆ. ಮೊನ್ನೆ ಉಜ್ಜುವಾಗ ಅಳು ಬರಲೇ ಇಲ್ಲ! ಅತ್ತೆ ಇನ್ನೊಂದು ಮದುವೆಯ ಮಾತು ತೆಗೆದದ್ದಕ್ಕೆ ನೀವು "ಇವಳೊಬ್ಬಳನ್ನು ಸುಧಾರಿಸುವುದೇ ಸಾಕಾಗಿದೆ ನನಗೆ" ಅಂದ್ರಲ್ಲ, ಅದು ನೆನಪಾಗಿ ಒಬ್ಬಳೇ ನಗಾಡಿದೆ. ಈ ಸಲ ದೇವರ ಹತ್ರ ಏನೂ ಕೇಳ್ಲಿಕ್ಕಿಲ್ಲ. ಸುಮ್ಮನೆ ಕೈಮುಗಿದು ಕೊಟ್ಟು ಬರುವುದು, ಅಷ್ಟೆ.

ಹತ್ತು ಗಂಟೆಗೆ ಇನ್ನೊಂದು ಬಸ್ಸು ಉಂಟು. ನಿದ್ದೆ ಬಂದ್ರೆ ಬಸ್ಸಲ್ಲೇ ಮಲಗಿ. ಗಂಜಿಗೆ ಉಪ್ಪಿನಕಾಯಿ ಹಾಕ್ಕೊಳ್ಳಿ, ನಿನ್ನೆಯ ಮೀನಿನ ಸಾರು ತಿಂದು ದೇವಸ್ಥಾನಕ್ಕೆ ಬರ್ಬೇಡಿ. ನೀವು ಬರುವವರೆಗೆ ನಾನು ಒಳಗೆ ಹೋಗುವುದಿಲ್ಲ, ಹೊರಗೇ ಕಾಯ್ತೇನೆ. ಹರಕೆ ಹೇಳಿದ್ದು ಇಬ್ಬರೂ, ಇಬ್ಬರೂ ಸೇರಿಯೇ ಒಪ್ಪಿಸುವ.

ಜಲಜಾಕ್ಷಿ