ದೊಡ್ಡವಳಾದ ಸುದ್ದಿ

ತಾರೀಖು ಹನ್ನೆರಡು, ಸೋಮವಾರ

ಹಡಗಿನಲ್ಲಿ ಕಂಡವರಿಗೆಲ್ಲ ಬೇಯಿಸಿ ಹಾಕುವ ನನ್ನ ಮಗಳಿಗೆ, ಅಮ್ಮ ಮಾಡುವ ಆಶೀರ್ವಾದ.

ಮೊದಲು ಕೈಯಲ್ಲಿರುವ ಸೌಟು ಕೆಳಗಿಟ್ಟು, ಕೂತು ಓದು. ಹೋದ ಸಲದ ಹಾಗೆ ಒಲೆಯ ಮುಂದೆ ನಿಂತು ಮೇಲಿನೆರಡು ಸಾಲು, ಕೆಳಗಿನೆರಡು ಸಾಲು ಓದಿ ಜೇಬಿಗೆ ತುರುಕಿದರೆ ನನ್ನಾಣೆ. ನಾನು ಮಗುವಿನ ವಿಷಯ ಮೂರು ಮಾತು ಕೇಳಿದ್ದೆ. ನೀನು ಬರೆದದ್ದೇನು? ಸಮುದ್ರ ಶಾಂತವಾಗಿದೆಯಂತೆ! ನಾನೇನು ಸಮುದ್ರವನ್ನು ಹೆತ್ತಿದ್ದೇನೆಯೇ?

ನಾನೂ ತಡಮಾಡಿದ್ದೇನೆ, ಒಪ್ಪಿದೆ. ಯಾಕೆಂಬುದು ಕೊನೆಗೆ ಬರುತ್ತದೆ. ಹಾರಿ ಅಲ್ಲಿಗೆ ಹೋಗಬೇಡ.

ನಿನ್ನ ಮಗಳು ಗುಂಡುಸೂಜಿ ಚೆನ್ನಾಗಿದ್ದಾಳೆ. ನೀನು ಎದೆ ಹಿಡಿದುಕೊಳ್ಳಬಾರದೆಂದು ಇದನ್ನು ಮೊದಲು ಬರೆದೆ. ಆದರೆ ಐದು ತಿಂಗಳ ಹಿಂದೆ ನಿನಗೆ ಹೇಳಿದ ಸುದ್ದಿ ಸುಳ್ಳು. ಅವಳು ದೊಡ್ಡವಳಾಗಿಲ್ಲ. ಒಳಬಟ್ಟೆಯಲ್ಲಿ ರಕ್ತ ಕಂಡಾಗ "ಹನ್ನೊಂದಕ್ಕೇ ಆಗೋಯ್ತಲ್ಲೇ" ಎಂದು ನಾನೇ ತೀರ್ಪು ಕೊಟ್ಟೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನೀನು ಬಂದರಿನಿಂದ ಫೋನು ಮಾಡಿ ಖುಷಿಗೆ ಅತ್ತೆ. "ಬರ್ತೀನಿ ಕಣೆ ಬಂಗಾರ, ಮುಂದಿನ ರಜಕ್ಕೇ ಬಂದ್ಬಿಡ್ತೀನಿ" ಅಂದೆ. ಆಮೇಲೆ ನೀನು ಬರಲಿಲ್ಲ, ಒಂದು ನೀಲಿ ಅಂಗಿ ಬಂತು. ತೋಳು ಮೊಣಕೈಗೇ ನಿಂತಿತು. ನೀನು ಬಿಟ್ಟುಹೋದಾಗಿನ ಅಳತೆಗೇ ಕಳಿಸಿದ್ದೀಯ.

ಹೋದ ತಿಂಗಳು ಶಾಲೆಯಲ್ಲಿ ತಲೆಸುತ್ತಿ ಬಿದ್ದಳು. ಅವಳ ಟೀಚರು ಕೈಹಿಡಿದು ಕರೆತಂದು, "ಅಜ್ಜೀ, ಮಗು ಸುಣ್ಣದ ಹಾಗೆ ಬಿಳಿಚ್ಕೊಂಡಿದೆ, ಕಣ್ಣಿಗೆ ಕಾಣ್ಸಲ್ವಾ?" ಎಂದರು. ಆಸ್ಪತ್ರೆಗೆ ಓಡಿದೆ. ಅಪ್ಪ ಎಲ್ಲಿ, ಅಮ್ಮ ಎಲ್ಲಿ ಎಂದು ನರ್ಸು ಕೇಳಿದಳು. ಒಬ್ಬ ಮಣ್ಣಿನಲ್ಲಿ, ಒಬ್ಬಳು ನೀರಿನಲ್ಲಿ ಎಂದೆ. ನನ್ನೆದುರು ಹುಡುಗಿ ಬಾಯಿ ಬಿಡದಿದ್ದಾಗ ಡಾಕ್ಟರಮ್ಮ, "ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಅಂದಳು. ಹುಟ್ಟಿದಾಗಿನಿಂದ ಅವಳ ತಿಕ ತೊಳೆದವಳು ನಾನು, ನನ್ನನ್ನೇ ಬಾಗಿಲಾಚೆ ಹಾಕಿದರು! ಹೊರಗಿನ ಕುರ್ಚಿಗಳಲ್ಲಿ ಎಲ್ಲರೂ ಜೋಡಿಜೋಡಿಯಾಗಿ ಕೂತಿದ್ದರು. ನನ್ನ ಪಕ್ಕದಲ್ಲಿ ನನ್ನ ಕೈಚೀಲ ಕೂತಿತ್ತು.

ಆಮೇಲೆ ಡಾಕ್ಟರಮ್ಮ ಒಳಗೆ ಕರೆದಳು. "ಇದು ಮುಟ್ಟಿನ ರಕ್ತ ಅಲ್ಲ ಅಜ್ಜಿ, ಕಕ್ಕಸಿನ ಜಾಗದಿಂದ ಬರ್ತಿರೋದು. ದೊಡ್ಡ ಕರುಳಲ್ಲಿ ಪಾಲಿಪ್ ಇರಬಹುದು, ಸಣ್ಣ ಗಂಟು. ಕ್ಯಾಮೆರಾ ಇರೋ ಕೊಳವೆ ಹಾಕಿ ನೋಡ್ತೀವಿ."

"ಎಲ್ಲಿಂದ ಹಾಕ್ತೀರಾ?"

"ಹಿಂದಿನಿಂದ. ನಿದ್ದೆ ಬರಿಸ್ತೀವಿ, ಅವಳಿಗೆ ಏನೂ ಗೊತ್ತಾಗಲ್ಲ."

ಗಂಟು ಎಂದರೆ ಕ್ಯಾನ್ಸರೇ ಎಂದು ಕೇಳಲು ನನಗೆ ನಾಲಿಗೆ ಏಳಲಿಲ್ಲ. ನನ್ನ ನಾಲಿಗೆ, ಯೋಚಿಸು! ಡಾಕ್ಟರಮ್ಮನೇ ನನ್ನ ಮುಖ ನೋಡಿ, "ಮಕ್ಕಳಲ್ಲಿ ಇಂಥದ್ದು ಸಾಮಾನ್ಯವಾಗಿ ಕೆಟ್ಟದ್ದಾಗಿರಲ್ಲ" ಅಂದಳು. ಸಾಮಾನ್ಯವಾಗಿ ಎಂಬ ಆ ಒಂದು ಮಾತನ್ನು ನಾನು ಒಬ್ಬಳೇ ಹೊತ್ತುಕೊಂಡು ಓಡಾಡಿದೆ. ಯಾರಿಗೆ ಹೇಳಲಿ, ಗೋಡೆಗೆ?

ಕೊಳವೆ ಹಾಕುವ ಹಿಂದಿನ ದಿನ ಊಟ ಇಲ್ಲ, ಬರೀ ನೀರಿನಂಥದ್ದು. ಜೊತೆಗೆ ಹೊಟ್ಟೆ ತೊಳೆಯುವ ಔಷಧಿ ಒಂದು ದೊಡ್ಡ ಜಗ್ಗು. "ಅಜ್ಜೀ, ಸಮುದ್ರ ಕುಡಿದ ಹಾಗಿದೆ" ಎಂದಳು. "ನಿಮ್ಮಮ್ಮ ಅದರ ಮೇಲೇ ಬದುಕ್ತಿದ್ದಾಳೆ, ಕುಡಿ" ಅಂದೆ. ಅದಕ್ಕೆ ಒಂದೇ ಒಂದು ಸಲ ನಕ್ಕು ಕುಡಿದು ಮುಗಿಸಿದಳು. ಆಮೇಲೆ ಕಕ್ಕಸಿಗೂ ಹಾಸಿಗೆಗೂ ಓಡಾಡಿದ್ದೇ ಓಡಾಡಿದ್ದು. ಅವತ್ತು ನಾನೂ ಒಲೆ ಹಚ್ಚಲಿಲ್ಲ.

ಬೆಳಿಗ್ಗೆ ಆ ಗಿಡ್ಡ ನೀಲಿ ಅಂಗಿಯನ್ನೇ ಹಾಕಿಕೊಂಡು ಹೊರಟಳು, ಬೈದರೂ ಬಿಚ್ಚಲಿಲ್ಲ. ಇದ್ದದ್ದು ಒಂದೇ ಗಂಟು, ತೊಟ್ಟಿಗೆ ತೂಗುವ ದ್ರಾಕ್ಷಿಯ ಹಾಗೆ. ಆ ಕೊಳವೆಯಲ್ಲೇ ತಂತಿಯ ಕುಣಿಕೆ ತೂರಿಸಿ ತೆಗೆದುಬಿಟ್ಟರು. ಹೊಲಿಗೆಯಿಲ್ಲ, ಹೊಟ್ಟೆಯ ಮೇಲೊಂದು ಗೀರಿಲ್ಲ. ಪರೀಕ್ಷೆಗೆ ಕಳಿಸಿದ್ದೂ ಬಂತು, ಕೆಟ್ಟದ್ದಲ್ಲ. ರಕ್ತ ನಿಂತಿದೆ. ಕಬ್ಬಿಣದ ಮಾತ್ರೆಯನ್ನು ಮುಖ ಹುಳ್ಳಗೆ ಮಾಡಿಕೊಂಡು ನುಂಗುತ್ತಾಳೆ.

ನಿನ್ನ ಸೊಂಟ ಜೋಪಾನ. ಕಾದ ಎಣ್ಣೆಯ ಹತ್ತಿರ ಹರಟೆ ಹೊಡೆಯಬೇಡ. ನೂರು ಕಾಲ ಬಾಳು.

ನಿನ್ನ ಅಮ್ಮ

ಇನ್ನೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಗುಂಡುಸೂಜಿ ಕಿಟಕಿಗೆ ಮುಖ ಮಾಡಿಕೊಂಡು, "ಅಜ್ಜೀ, ವಾಸಿಯಾಯ್ತು ಅಂತ ಅಮ್ಮನಿಗೆ ಈಗ್ಲೇ ಬರೀಬೇಡ" ಎಂದಳು. ಕಾಗದ ತಡವಾದದ್ದು ಅದಕ್ಕೆ. ರಕ್ತ ಎಲ್ಲಿಂದ ಬರುತ್ತಿತ್ತೆಂದು ಅವಳಿಗೆ ಮೊದಲಿಂದಲೂ ಗೊತ್ತಿತ್ತಂತೆ.

"ಮತ್ಯಾಕೆ ಬಾಯಿ ಮುಚ್ಕೊಂಡಿದ್ದೆ, ಪಾಪಿ?"

"ಕಾಯಿಲೆ ಅಂದ್ರೆ ಅಮ್ಮ ಮಾತ್ರೆ ಕಳಿಸ್ತಾಳೆ. ದೊಡ್ಡವಳಾದೆ ಅಂದಿದ್ದಕ್ಕೆ ಬರ್ತೀನಿ ಅಂದ್ಲಲ್ಲ."

ನಮ್ಮ ಸ್ಟಾಪು ಬಂದಾಗ ಏಳುತ್ತಾ ಅಂದಳು: "ಈಗ ಎರಡೂ ಇಲ್ಲ. ಇನ್ಯಾಕೆ ಬರ್ತಾಳೆ?"

ಅದಕ್ಕೆ ಉತ್ತರ ಹೇಳಬೇಕಾದವಳು ನೀನು. ಯಾವ ತಾರೀಖಿಗೆ ಬರುತ್ತೀ ಎಂಬುದನ್ನು ಅವಳಿಗೇ ಬರೆ, ನನಗಲ್ಲ. ಸಮುದ್ರದ ಸುದ್ದಿ ಬೇಡ. ಮುಂದಿನ ತಿಂಗಳು ಹುಟ್ಟುವ ಮೊದಲು ಬರೆ.