ತಾಯಿಮೀನಿನ ಸೂಜಿ

೧೮ ಜುಲೈ ೨೦೨೪, ಗುರುವಾರ

ಯಲ್ಲಪ್ಪನವರ ನಗೆ ಇನ್ನೂ ಕಿವಿಯಲ್ಲಿದೆ. ತೇರಗಾಂವದ ಅವರ ಮೀನುಮರಿ ಕೇಂದ್ರದಲ್ಲಿ, ಮೊಟ್ಟೆಯಿಡುವುದಕ್ಕೆ ತಿಂಗಳ ಮೊದಲೇ, ಅರ್ಧದಷ್ಟು ತಾಯಿಮೀನುಗಳಿಗೆ ನಾನು ಲಸಿಕೆ ಹಾಕಿದ್ದೆ. ಅವುಗಳ ಮರಿಗಳನ್ನು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡೋಣವೆಂದರೆ, ಆಳುಗಳೆದುರು ನಕ್ಕುಬಿಟ್ಟರು.

“ಮೀನೇನ್ ಮರಿಗೆ ಹಾಲು ಕುಡಸ್ತೈತೇನ್ರಿ ಬಾಯಾರ? ತಾಯಿಗೆ ಮಾಡಿದ ಸೂಜಿ ಮರಿಗೆ ಹೆಂಗ ಮುಟ್ತೈತಿ? ನಾಳೆ ಎಲ್ಲಾ ಒಂದ ತೊಟ್ಯಾಗ ಕೂಡಸ್ತೇನಿ.”

ತಾಯಿಯ ರಕ್ಷಣೆ ಮೊಟ್ಟೆಯ ಹಳದಿಯ ಮೂಲಕ ಮರಿಗೆ ಇಳಿಯುತ್ತದೆ, ಸ್ವಂತ ಬಲ ಬರುವವರೆಗೆ ಅದಕ್ಕೆ ಅದೇ ಆಸರೆ ಎಂದೆ. ಮೀನುಗಾರಿಕೆ ಕಾಲೇಜಿನಲ್ಲಿ ತರಗತಿಗೇ ಮೊದಲಿಗಳಾಗಿದ್ದ ನನ್ನ ಮಾತನ್ನು ಅವರು ಪೂರ್ತಿ ಕೇಳಲೂ ಇಲ್ಲ.

ಮೀನಿನ ಹೆಸರೆತ್ತಿದರೂ ಅಡುಗೆಮನೆಯಿಂದ ಹೊರಗಟ್ಟುವ ಅವ್ವ, ಎರಡು ಸಲ ಕೈ ತೊಳೆಸಿದ ಮೇಲೆ ಎಲ್ಲವನ್ನೂ ಕೇಳಿಸಿಕೊಂಡಳು. “ನೀ ಹೊಟ್ಟ್ಯಾಗಿದ್ದಾಗ ನನಗೂ ಸೂಜಿ ಮಾಡಿದ್ರು. ಅದು ನಿನಗ ಮುಟ್ಟಲಿಲ್ಲೇನು?”

ನಾಳೆ ಬೆಳಗಾಗುವ ಮೊದಲೇ ಆ ತೊಟ್ಟಿಯ ಮುಂದೆ ನಿಲ್ಲುತ್ತೇನೆ. ಒಂದು ಮರಿಯನ್ನೂ ಬೆರೆಸಗೊಡುವುದಿಲ್ಲ. ತಮ್ಮ ಬಸುರಿ ಮಗಳು ಸ್ವಪ್ನಾಳನ್ನು ಹೋದ ವಾರ ಸೂಜಿಗೆಂದು ಹಳಿಯಾಳಕ್ಕೆ ಕರೆದೊಯ್ದವರು ಇದೇ ಯಲ್ಲಪ್ಪನವರು. ಆ ಸೂಜಿ ಯಾರಿಗಾಗಿ ಎಂದು ಕೇಳುತ್ತೇನೆ. ಆಮೇಲೂ ನಗುವುದಾದರೆ ನಗಲಿ.