ಎರಡು ಫ್ರಿಜ್ಜುಗಳ ಪಂದ್ಯ

ಮನೆಯಿಂದ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ನಿಮ್ಮ ಕೆಮ್ಮು ಹೇಗಿದೆ? ಆ ಕೋಲ್ಡ್ ಸ್ಟೋರೇಜಿನೊಳಗೆ ಕೆಲಸಕ್ಕೆ ಹೋಗುವಾಗ ಸ್ವೆಟರ್ ಹಾಕಿಕೊಳ್ಳುತ್ತೀರೋ, ಇಲ್ಲ ಅಲ್ಲೂ ನಿಮ್ಮ ಹಟವೇ ನಡೆಯುತ್ತದೋ? ನಾನು ಚೆನ್ನಾಗಿದ್ದೇನೆ. ಮಾವನವರೂ ಚೆನ್ನಾಗಿದ್ದಾರೆ, ಅಂದರೆ ದಿನವಿಡೀ ಬೈಯುತ್ತಿದ್ದಾರೆ.

ನಮ್ಮ ಫ್ರಿಜ್ ರಿಪೇರಿ ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ "ಅಪ್ಪಾ, ನಲವತ್ತು ವರ್ಷ ಹಳೇ ಗ್ಯಾಸ್ ಬಿಟ್ಟು ಬಿಟ್ಟು ಆಕಾಶಕ್ಕೆ ತೂತು ಮಾಡಿದ್ದು ನೀವೇ" ಎಂದು ಹೇಳಿ ಹೊರಟುಹೋದಿರಲ್ಲ, ಆ ಮಾತು ಅವರಿಗೆ ಇನ್ನೂ ಚುಚ್ಚುತ್ತಿದೆ. "ಅವನ ಓಝೋನ್ ಉಳಿಸೋ ಹೊಸ ಗ್ಯಾಸು ನನ್ನ ಹಳೇ ಗ್ಯಾಸನ್ನ ಸೋಲಿಸ್ಲಿ, ಆಮೇಲೆ ಅಂಗಡಿಗೆ ಕಾಲಿಡ್ಲಿ" ಎಂದು ಗೋಡೆಗೆ ಹೇಳುತ್ತಿದ್ದರು. ಕೇಳಿ ಕೇಳಿ ನನಗೂ ರೋಸಿಹೋಯಿತು. ಪಂದ್ಯ ಇಟ್ಟೇಬಿಡೋಣ ಎಂದೆ. ಹಿಂದಿನ ಕೋಣೆಯಲ್ಲಿ ಒಂದೇ ಅಳತೆಯ ಎರಡು ಫ್ರಿಜ್ ಅಕ್ಕಪಕ್ಕ ನಿಂತವು, ಹಳೇ ಗ್ಯಾಸಿನದೊಂದು, ಹೊಸ ಗ್ಯಾಸಿನದೊಂದು. ಎರಡರೊಳಗೂ ಒಂದೊಂದು ತಟ್ಟೆ ನೀರು, ಹೊರಗೆ ಒಂದೊಂದು ಮೀಟರು.

ಗ್ಯಾಸ್ ತುಂಬಿದವರು ಮಾವ. ಎರಡಕ್ಕೂ ಸಮಸಮ, ಪಂಕ್ತಿಭೇದವಿಲ್ಲ. ಹೊಸ ಗ್ಯಾಸಿನ ಫ್ರಿಜ್ಜು ಏದುಸಿರು ಬಿಟ್ಟಿತು, ಹೊರಗಿನ ಪೈಪಿನ ಮೇಲೆ ಹಿಮ ಕಟ್ಟಿತು, ಒಳಗಿನ ನೀರು ಮಾತ್ರ ನೀರಾಗಿಯೇ ಉಳಿಯಿತು. ಮಾವ ಗೆದ್ದೆನೆಂದು ಬೀದಿಗೆಲ್ಲ ಸಾರಿಕೊಂಡು ಬಂದರು. ನಿಮ್ಮ ತರಬೇತಿಯ ನೋಟ್‌ಬುಕ್ ನಾನು ತೆಗೆದು ನೋಡಿದರೆ, ಹೊಸ ಗ್ಯಾಸ್ ತೂಕದಲ್ಲಿ ಅರ್ಧಕ್ಕಿಂತ ಕಡಿಮೆ ಸಾಕು ಎಂದು ಬರೆದು ನೀವೇ ಕೆಂಪು ಗೆರೆ ಎಳೆದಿದ್ದೀರಿ. "ಗ್ಯಾಸಲ್ಲೂ ಜಿಪುಣತನವಾ?" ಎಂದು ಗೊಣಗುತ್ತಲೇ ಮಾವ ಅದನ್ನು ಖಾಲಿ ಮಾಡಿ ಅಷ್ಟೇ ಅಳತೆಗೆ ಮತ್ತೆ ತುಂಬಿದರು. ಹೊತ್ತಿಕೊಳ್ಳುವ ಗ್ಯಾಸ್ ಎಂದು ಕಿಟಕಿ ಬಾಗಿಲೆಲ್ಲ ತೆರೆದು, ಅಡುಗೆಮನೆಯ ತಕ್ಕಡಿ ಇಟ್ಟು ಅಂಕಿ ಓದಿದವಳು ನಾನು.

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ನೀವೂ ಹಿಗ್ಗಬೇಡಿ. ಮಂಜುಗಡ್ಡೆ ಮೊದಲು ಕಟ್ಟಿದ್ದು ಹಳೇ ಗ್ಯಾಸಿನ ಫ್ರಿಜ್ಜಿನಲ್ಲೇ, ಏಳು ನಿಮಿಷ ಮುಂಚೆ. ಮಾವ ಕುಣಿಯುವುದೊಂದು ಬಾಕಿ. ಮರುದಿನ ಮೀಟರ್ ನೋಡಿದರೆ ಹಳೇದು ಮೂರು ಯೂನಿಟ್ ಕರೆಂಟು ತಿಂದಿತ್ತು, ಹೊಸದು ಎರಡೇ. ಮೀಟರೇ ಸರಿಯಿಲ್ಲ ಎಂದು ಅದಲುಬದಲು ಮಾಡಿ ಇನ್ನೊಂದು ದಿನ ಓಡಿಸಿದರು. ಮತ್ತೆ ಅದೇ ಮೂರು, ಅದೇ ಎರಡು. ಸಂಜೆ ಮೆಲ್ಲಗೆ, "ಆ ತೂತು ಈಗ ಎಷ್ಟಗಲ ಇದೆಯಂತೆ?" ಎಂದು ಕೇಳಿದರು. ಮುಚ್ಚುತ್ತಾ ಬರುತ್ತಿದೆಯಂತೆ ಮಾವ ಎಂದೆ. ಗಿರಾಕಿಗಳ ಎದುರಿಗೆ ನೀವು ಹಾಗೆ ಅನ್ನಬಾರದಿತ್ತು ಕಣ್ರೀ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ ದಾರಿ ಕಾಯುವ
ನಿಮ್ಮವಳು

ಬರೆಯಲು ಮರೆತೆ: ಮಾವ ಗ್ಯಾಸ್ ತೂಗುವ ಹೊಸ ತಕ್ಕಡಿ ತಂದಿದ್ದಾರೆ. ಅದರ ಅಂಕಿ ಕಣ್ಣಿಗೆ ಕಾಣುವುದಿಲ್ಲವಂತೆ, ಓದಿ ಹೇಳಲು ಯಾರಾದರೂ ಬೇಕಂತೆ. ನಾನಿದ್ದೇನಲ್ಲ ಎಂದೆ. "ನೀನು ಬೇಡಮ್ಮ," ಎಂದರು. "ಅವನಿಗೆ ಬರಿ."